‘ಸಾರ್ಕೊಫೇಗಸ್’ಗೆ ‘ಶವಪೆಟ್ಟಿಗೆ’ ಸಾಕಾ?

ಎಲ್ಲರಿಗೂ ನಮಸ್ಕಾರ. ಹಳೇ ರೋಮಿನ ಸಮಾಧಿಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಾರ್ಕೊಫೇಗಸ್’ (ಹೆಣ ಇಡುವ ಕಲ್ಲಿನ ಪೆಟ್ಟಿಗೆ) ಅನ್ನುವ ಪದದ ಹತ್ತಿರ ಬಂದು ಗಾಡಿ ನಿಂತಿದೆ.

ಮೊದಲು ಶವಪೆಟ್ಟಿಗೆ ಅಂತಲೇ ಬರೆದೆ. ಓದಿ ನೋಡಿದರೆ ನನಗೇ ಮೊಳೆ ಹೊಡೆದ ಮರದ ಪೆಟ್ಟಿಗೆ ಕಣ್ಣ ಮುಂದೆ ಬಂತು, ಮಣ್ಣು ಮುಚ್ಚಿದರೆ ಮುಗಿಯಿತು. ಇವೋ ಅಮೃತಶಿಲೆಯವು, ಮನೆತನದ ಸಮಾಧಿ ಕೋಣೆಯಲ್ಲಿ ಗೋಡೆಗೆ ಒತ್ತರಿಸಿ ಇಟ್ಟು, ಬಂದವರು ನೋಡಲಿ ಅಂತಲೇ ಕೆತ್ತಿಸಿದವು. ಅದಕ್ಕೇ ರೋಮ್ ನಗರದಲ್ಲಿ ಮಾಡಿದವಕ್ಕೆ ಹೆಚ್ಚಾಗಿ ಮೂರೇ ಬದಿ ಕೆತ್ತನೆ, ಬೆನ್ನು ಬೋಳು. ರೋಮಿನ ಪೋರ್ಟೊನಾಚ್ಚೊ ಅನ್ನುವ ಜಾಗದಲ್ಲಿ ಸಿಕ್ಕಿದ್ದು ಒಂದಿದೆ, ಕ್ರಿ.ಶ. 180ರ ಸುಮಾರಿನದು. ಮುಂಭಾಗದ ತುಂಬ ಕಾಳಗ, ಕುದುರೆಯ ಮೇಲೆ ಕುದುರೆ, ಬೆರಳಿಡಲು ಜಾಗವಿಲ್ಲ. ನಡುವೆ ಇರುವ ಸೇನಾನಿಗೆ ಮಾತ್ರ ಮುಖವೇ ಇಲ್ಲ, ಕಲ್ಲು ಹಾಗೇ ಉಳಿದಿದೆ! ಸತ್ತವರ ಮುಖ ಆಮೇಲೆ ಕೆತ್ತೋಣ ಅಂತ ಬಿಟ್ಟಿರಬೇಕು. ಇದನ್ನು ಬರೀ ಶವಪೆಟ್ಟಿಗೆ ಅಂದರೆ ಸಪ್ಪೆ ಆಗುತ್ತೆ ಅಲ್ವಾ?

ಮೂಲದ ಅರ್ಥ ಹಿಡಿಯೋಣ ಅಂದರೆ ಅದು ಇನ್ನೂ ಪೇಚು. ಗ್ರೀಕಿನಲ್ಲಿ ಸಾರ್ಕ್ಸ್ ಅಂದರೆ ಮಾಂಸ, ಫಾಗೆಯಿನ್ ಅಂದರೆ ತಿನ್ನು. ಈಗಿನ ಟರ್ಕಿಯಲ್ಲಿರುವ ಆಸ್ಸೋಸ್ ಊರಿನ ಒಂದು ಕಲ್ಲು, ಹಲ್ಲುಗಳನ್ನು ಬಿಟ್ಟು ಹೆಣವನ್ನೆಲ್ಲ 40 ದಿನದಲ್ಲಿ ತಿಂದುಹಾಕುತ್ತೆ ಅಂತ ಹಳೇ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಆ ಕಲ್ಲಿನ ಹೆಸರು ಆಮೇಲೆ ಏನೂ ತಿನ್ನದ ಅಮೃತಶಿಲೆಗೂ ಅಂಟಿಕೊಂಡಿತು. ‘ಮಾಂಸಭಕ್ಷಕ’ ಅಂತ ಹಾಕಿದರೆ ಓದುವವರು ಚಿರತೆ ಅಂದುಕೊಂಡಾರು.

ಸದ್ಯಕ್ಕೆ ನನ್ನ ಆಯ್ಕೆ ‘ಕಲ್ಲುಪೆಟ್ಟಿಗೆ’. ‘ಕೆತ್ತನೆಯ ಕಲ್ಲುಪೆಟ್ಟಿಗೆ’ ಅಂದರೆ ಅರ್ಧ ಕೆಲಸ ಆದಂತೆ. ಆದರೆ ಮೂಲೆಗಳಿಲ್ಲದೆ ಎರಡೂ ತುದಿ ದುಂಡಗಿರುವ ಇನ್ನೊಂದು ಬಗೆ ಇದೆ, ಅದನ್ನು ‘ಲೆನೋಸ್’ ಅನ್ನುತ್ತಾರೆ, ದ್ರಾಕ್ಷಿ ತುಳಿಯುವ ತೊಟ್ಟಿಯ ಹೆಸರು. ಇದಕ್ಕೆ ನಮ್ಮ ‘ಕಲ್ಲುಬಾನಿ’ ಸರಿಹೋಗುತ್ತೆ ಅನ್ನಿಸುತ್ತೆ. ದನಕ್ಕೆ ನೀರಿಡುವ ಬಾನಿಯಲ್ಲಿ ಹೆಣವಾ ಅಂತ ಬೈಯಬೇಡಿ, ರೋಮಿನ ಎಷ್ಟೋ ಕಲ್ಲುಪೆಟ್ಟಿಗೆಗಳು ಮುಂದೆ ಕಾರಂಜಿಯ ತೊಟ್ಟಿಗಳೇ ಆದವು.

ಇನ್ನೊಂದು ಪ್ರಶ್ನೆ. ಕೆಲವು ಪೆಟ್ಟಿಗೆಗಳ ಮೈಮೇಲೆ ಬೊಂಬೆಗಳ ಬದಲು ಬಳುಕಿದ ಗೀರುಗಳು ಸಾಲಾಗಿ ಇರುತ್ತವೆ. ಅವಕ್ಕೆ ‘ಸ್ಟ್ರಿಜಿಲ್’ನ ಹೆಸರು, ಎಣ್ಣೆ ಹಚ್ಚಿದ ಮೈಯಿಂದ ಎಣ್ಣೆ, ಕೊಳೆ ಹೆರೆಯುತ್ತಿದ್ದ ಬಾಗಿದ ಲೋಹದ ಸಾಮಾನು ಅದು. ನಾವು ಎಣ್ಣೆಸ್ನಾನಕ್ಕೆ ಸೀಗೆಪುಡಿ ಹಾಕಿ ಉಜ್ಜಿಕೊಳ್ಳುವವರು, ಹೆರೆಯುವ ಸಾಮಾನು ನನಗಂತೂ ಗೊತ್ತಿಲ್ಲ. ‘ಅಲೆಗೀರು’ ಅಂದರೆ ನಡೆಯುತ್ತಾ? ಅಥವಾ ನಿಮ್ಮ ಊರಿನ ಬಡಗಿಗಳು, ಕಲ್ಲುಕೆಲಸದವರು ಇಂಥ ಗೀರಿಗೆ ಏನಾದರೂ ಹೆಸರು ಹೇಳುತ್ತಾರಾ?