ಐದು ನಾಯಿಗೆ ಒಂದು ಲೈಸೆನ್ಸ್ ಸಾಕಾ? ನಿವೃತ್ತ ಪಂಚಾಯತ್ ಸೆಕ್ರೆಟರಿಯವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕ ಕಡೆಯ ಕೃಷಿಕರು):
ನಮಸ್ಕಾರ ಸರ್. ನಮ್ಮದು 80 ಸೆಂಟ್ಸ್ ಜಾಗ. ಅಡಿಕೆ, ಸ್ವಲ್ಪ ತೆಂಗು. ಮಂಗನ ಕಾಟ, ಹಂದಿ ಕಾಟ ತಡೆಯದೆ ಒಂದು ನಾಯಿ ತಂದದ್ದು. ಆಮೇಲೆ ಮಗ ಒಂದು ಲ್ಯಾಬ್ರಡಾರ್ ನಾಯಿ ತಂದ. ಮಳೆಗಾಲದಲ್ಲಿ ಗೇಟಿನ ಹತ್ತಿರ ಯಾರೋ ಮೂರು ಮರಿ ಬಿಟ್ಟು ಹೋದರು, ಅವೂ ಉಳಿದವು. ಈಗ ಒಟ್ಟು ಐದು. ಪಕ್ಕದ ಮನೆಯವರು ಪಂಚಾಯತಿಗೆ ದೂರು ಕೊಟ್ಟಿದ್ದಾರೆ. ಪರಿಚಯದವರೊಬ್ಬರು "ಮೂರಕ್ಕಿಂತ ಜಾಸ್ತಿ ಸಾಕುವ ಹಾಗಿಲ್ಲ, ಎರಡನ್ನು ಎಲ್ಲಾದರೂ ಬಿಟ್ಟುಬಿಡಿ" ಅಂದರು. ನಿಜವಾ? ಸತ್ಯ ಹೇಳುತ್ತೇನೆ, ಒಂದಕ್ಕೂ ಲೈಸೆನ್ಸ್ ಮಾಡಿಸಿಲ್ಲ.

ಉತ್ತರ:
ಮೊದಲಿಗೆ, ಯಾವುದನ್ನೂ ಎಲ್ಲಿಗೂ ಬಿಡಬೇಡಿ. ಸಾಕಿದ ಪ್ರಾಣಿಯನ್ನು ಹೊಟ್ಟೆಗಿಲ್ಲದೆ ನರಳುವ ಹಾಗೆ ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಒಂದು ದೂರಿನಿಂದ ತಪ್ಪಿಸಿಕೊಳ್ಳಲು ಹೋಗಿ ಕೇಸು ತಲೆಗೆ ಹಾಕಿಕೊಳ್ಳುವ ಕೆಲಸ ಅದು.

ಈ "ಮೂರು ನಾಯಿ" ಎಲ್ಲಿಂದ ಬಂತು ಅಂದರೆ, 2018ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಒಂದು ನಿಯಮ ತರಲು ಹೊರಟಿತ್ತು. ಫ್ಲಾಟಿಗೆ ಒಂದು ನಾಯಿ, ಸ್ವಂತ ಮನೆಗೆ ಮೂರು ಅಂತ. ಆಗ ದೊಡ್ಡ ಗಲಾಟೆ ಆಯಿತು, ಟಿವಿಯಲ್ಲೂ ಬಂತು. ನಮ್ಮ ಊರಲ್ಲಿ ಕನ್ನಡ ಚಾನೆಲ್ ನೋಡುವವರು ಜಾಸ್ತಿ ಅಲ್ವಾ, ಬೆಂಗಳೂರಿನ ಕಾನೂನು ಬದಿಯಡ್ಕಕ್ಕೂ ಬಂದುಬಿಡುತ್ತದೆ! ನೀವಿರುವುದು ಕೇರಳದಲ್ಲಿ. ಇಲ್ಲಿ ಗ್ರಾಮ ಪಂಚಾಯತಿಗೆ ಅನ್ವಯ ಆಗುವುದು 1998ರ ಹಂದಿ ಮತ್ತು ನಾಯಿಗಳ ಲೈಸೆನ್ಸ್ ನಿಯಮ. ಕಾಸರಗೋಡು, ಕಾಞಂಗಾಡು, ನೀಲೇಶ್ವರ ಪೇಟೆಯವರಾದರೆ ಮುನ್ಸಿಪಾಲಿಟಿಯ ಲೆಕ್ಕ.

ಒಂದು ಮನೆಯಲ್ಲಿ ಇಷ್ಟೇ ನಾಯಿ ಇರಬೇಕು ಅಂತ ಕೇಂದ್ರದ ಯಾವ ಕಾಯ್ದೆಯೂ ಹೇಳುವುದಿಲ್ಲ. ಆದರೆ ಲೈಸೆನ್ಸ್ ಮನೆಗಲ್ಲ, ನಾಯಿಗೆ. ಐದು ನಾಯಿ ಇದ್ದರೆ ಐದು ಅರ್ಜಿ, ಐದು ಇಂಜೆಕ್ಷನ್ ಸರ್ಟಿಫಿಕೇಟ್. ಊರ ನಾಯಿ, ಜಾತಿ ನಾಯಿ ಅಂತ ಭೇದ ಇಲ್ಲ. ಗೇಟಿನ ಹತ್ತಿರ ಸಿಕ್ಕಿದ ಮರಿಗೂ ಬೇಕು. ನಿಮ್ಮ ಸ್ಥಳೀಯ ಸಂಸ್ಥೆ ತನ್ನದೇ ಷರತ್ತು ಹಾಕಿದೆಯಾ ಅಂತ ಕೌಂಟರಿನಲ್ಲಿ ಕೇಳಿ. ಯಾರಾದರೂ ಬಾಯಿಮಾತಿನಲ್ಲಿ "ಆಗುವುದಿಲ್ಲ" ಅಂದರೆ, ಯಾವ ನಿಯಮದಲ್ಲಿ ಇದೆ ಅಂತ ಬರೆದು ಕೊಡಲು ವಿನಯದಿಂದ ಕೇಳಿ. ಬರೆದು ಕೊಡಿ ಅಂದ ಕೂಡಲೇ ಅರ್ಧ ಕಾನೂನು ಮಾಯ ಆಗುವುದನ್ನು ನಾನು ಮೇಜಿನ ಆಚೆ ಬದಿಯಿಂದಲೇ ನೋಡಿದ್ದೇನೆ.

ಪ್ರಶ್ನೆ (ಅದೇ ಕೃಷಿಕರು):
ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲ ಸರ್? ಈಗ ಮಾಡಿಸಿದರೆ ದಂಡ ಹಾಕುತ್ತಾರಾ?

ಉತ್ತರ:
ಯಾರೂ ಕೇಳದೇ ಇದ್ದದ್ದು ಹೌದು. 1998ರ ನಿಯಮ ಬಹಳ ಕಾಲ ಕಪಾಟಿನಲ್ಲೇ ಇತ್ತು. 2021ರ ಜೂನ್‌ನಲ್ಲಿ ತಿರುವನಂತಪುರದ ಅಡಿಮಲತುರ ಕಡಲ ತೀರದಲ್ಲಿ ಬ್ರೂನೋ ಅನ್ನುವ ಲ್ಯಾಬ್ರಡಾರನ್ನು ಹೊಡೆದು ಕೊಂದರು, ನೆನಪಿದೆಯಾ? ಹೈಕೋರ್ಟ್ ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಂಡಿತು. ಸಾಕುನಾಯಿಗೆ ಲೈಸೆನ್ಸ್ ಕಡ್ಡಾಯ ಮಾಡಿಸಿ ಅಂತ ಜುಲೈಯಲ್ಲಿ ಸರ್ಕಾರಕ್ಕೆ ಹೇಳಿತು. ಕಪಾಟಿನ ಧೂಳು ಹಾರಿದ್ದು ಆವಾಗ.

ದೂರು ಬಂದ ಮೇಲೆ ನೋಟಿಸ್ ಬರಬಹುದು. ಅದಕ್ಕೆ ಮೊದಲೇ ನೀವಾಗಿ ಅರ್ಜಿ ಹಾಕಿದರೆ ನಿಮ್ಮ ಕೈ ಮೇಲೆ. ಪರಿಶೀಲನೆಗೆ ಬರುವವರು ಕೇಳುವ ಮೊದಲ ಪ್ರಶ್ನೆಯೇ "ಕಾಗದ ಇದೆಯಾ?" ಅಂತ. ನನ್ನ ಕಾಲದಲ್ಲಿ ನಾವು ನೋಡುತ್ತಿದ್ದದ್ದು ಮೂರೇ: ರೇಬೀಸ್ ಇಂಜೆಕ್ಷನ್‌ನ ಸರ್ಟಿಫಿಕೇಟ್, ಮನೆ ನಂಬರ್ ಇರುವ ತೆರಿಗೆ ರಶೀದಿ, ಮಾಲೀಕರ ಗುರುತಿನ ಚೀಟಿ. ಅದರ ಜೊತೆ ನಾಯಿಯ ಒಂದೊಂದು ಫೋಟೋ ಇಡಿ. ಮೂರು ಮರಿಗಳೂ ಒಂದೇ ಕಂದು ಬಣ್ಣದವಾದರೆ ಕಿವಿ, ಬಾಲ ಕಾಣುವ ಹಾಗೆ ತೆಗೆಯಿರಿ. ಸರ್ಕಾರಿ ಅರ್ಜಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಕೊಡುತ್ತಾರೆ. ರಶೀದಿ ಕೇಳಿ ತೆಗೆದುಕೊಳ್ಳಿ. ಲೈಸೆನ್ಸನ್ನು ವರ್ಷ ವರ್ಷ ನವೀಕರಿಸಬೇಕು, ಅದನ್ನು ಮರೆಯುವವರೇ ಜಾಸ್ತಿ.

ಇನ್ನೊಂದು. ದೂರಿಗೆ ವಿವರಣೆ ಕೊಡುವುದಿದ್ದರೆ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಇಲ್ಲಿನ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಬರದ ಮಲಯಾಳದಲ್ಲಿ ಒದ್ದಾಡಿ, ಹೇಳಬೇಕಾದ್ದನ್ನು ತಪ್ಪಾಗಿ ಬರೆದು ಸಹಿ ಹಾಕಿದವರನ್ನು ಕಂಡಿದ್ದೇನೆ.

ಈ ಪ್ರಶ್ನೋತ್ತರದ ಗುಂಪಿನಲ್ಲಿರುವ ಪಶುವೈದ್ಯೆಯವರ ಮಾತು:
ಸರ್ ಹೇಳಿದ ಸರ್ಟಿಫಿಕೇಟ್ ಬಗ್ಗೆ ಒಂದು ಮಾತು. ಜನ ಪುಸ್ತಕ ತಂದು "ಇಂಜೆಕ್ಷನ್ ಆಗಿದೆ ಡಾಕ್ಟ್ರೇ" ಅನ್ನುತ್ತಾರೆ. ತೆರೆದು ನೋಡಿದರೆ ಅದು ಡಿಸ್ಟೆಂಪರ್, ಪಾರ್ವೋ, ಇಲಿಜ್ವರ ಅನ್ನುವ ಬೇರೆ ರೋಗಗಳದ್ದು. ಲೈಸೆನ್ಸಿಗೆ ಬೇಕಾದದ್ದು ರೇಬೀಸಿನದು. ಮರಿಗೆ ಮೂರು ತಿಂಗಳಾದಾಗ ಒಂದು, ಮೂರು ನಾಲ್ಕು ವಾರ ಬಿಟ್ಟು ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಬಾಟಲಿಯ ಚೀಟಿ ಕಿತ್ತು ಪುಸ್ತಕದಲ್ಲಿ ಅಂಟಿಸಿರುತ್ತೇವೆ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಕಳೆದ ಸಲ ಒಬ್ಬರು ಆ ಪುಸ್ತಕವನ್ನು ದನದ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ ಇಟ್ಟಿದ್ದರು. ಆಷಾಢದ ಮಳೆಗೆ ಚೀಟಿ ಬಿಳಿ ಕಾಗದ ಆಗಿತ್ತು, ನಾಯಿಯ ಹೆಸರು ಮಾತ್ರ ಉಳಿದಿತ್ತು. ಮೊಬೈಲಿನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ. ಐದೂ ನಾಯಿಯನ್ನು ಜೀಪಿನಲ್ಲಿ ತುಂಬಿಕೊಂಡು ಮೃಗಾಸ್ಪತ್ರೆಗೆ ಬರಬೇಡಿ ಮಾರಾಯ್ರೆ, ಮೊದಲೇ ಫೋನ್ ಮಾಡಿ, ಇಲ್ಲವಾದರೆ ಎರಡೆರಡಾಗಿ ತನ್ನಿ.

ಪ್ರಶ್ನೆ (ಪೈವಳಿಕೆಯಿಂದ ಒಬ್ಬರು):
ಸರ್, ನಾನು ಇದರ ಆಚೆ ಬದಿ. ನಮ್ಮ ಪಕ್ಕದ ಮನೆಯಲ್ಲಿ ಆರು ನಾಯಿ. ಬೆಳಗ್ಗಿನ ಜಾವ ಶುರು ಆದರೆ ಒಂದು ಗಂಟೆ ಬಿಡುವಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಪಕ್ಕದ ಮನೆಯವರಿಗೆ ಲೈಸೆನ್ಸ್ ಇದೆಯಂತೆ. ಲೈಸೆನ್ಸ್ ಇದ್ದರೆ ನಾವು ಸುಮ್ನೆ ಕೂರಬೇಕಾ?

ಉತ್ತರ:
ಬೇಡ ಅಕ್ಕ. ಲೈಸೆನ್ಸ್ ಅಂದರೆ ಸಾಕಬಹುದು ಅಂತ ಮಾತ್ರ. ಊರಿಗೆ ಉಪದ್ರ ಕೊಡಬಹುದು ಅಂತ ಅಲ್ಲ. ಪಂಚಾಯತಿಗೆ ದೂರು ಕೊಡಬಹುದು. ತೀರಾ ಆದರೆ ಕಂದಾಯ ವಿಭಾಗದ ಅಧಿಕಾರಿ, ಅಂದರೆ ಆರ್‌ಡಿಒ ಹತ್ತಿರ ಸಾರ್ವಜನಿಕ ಉಪದ್ರವ ಅಂತ ಹೋಗುವ ದಾರಿಯೂ ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 133, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಸೆಕ್ಷನ್.

ಆದರೆ ಅದಕ್ಕೆ ಮೊದಲು ನನ್ನ ಒಂದು ಅನುಭವ ಕೇಳಿ. ಇಂಥದ್ದೇ ದೂರು. ಏಳು ನಾಯಿ. ನಾನು ಮತ್ತು ಹೆಲ್ತ್ ಇನ್‌ಸ್ಪೆಕ್ಟರ್ ಮಧ್ಯಾಹ್ನ ಎರಡು ಗಂಟೆಗೆ ಹೋದೆವು. ಏಳೂ ಹಲಸಿನ ಮರದ ಅಡಿಯಲ್ಲಿ ಸತ್ತ ಹಾಗೆ ಮಲಗಿದ್ದವು. ಒಂದು ತಲೆ ಎತ್ತಿ ನೋಡಿ ಪುನಃ ಮಲಗಿತು. ಮಾಲೀಕರು ನಗುತ್ತಾ, "ನೋಡಿ, ಇವುಗಳ ಮೇಲೆ ದೂರು!" ಅಂದರು. ದೂರು ಕೊಟ್ಟವರ ಮುಖ ಸಪ್ಪೆ ಆಯಿತು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಯಾವ ಹೊತ್ತಿಗೆ ಬೊಗಳುತ್ತವೆ ಅಂತ ಒಂದು ವಾರ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿದೆ. ಬರೆದರು. ಐದು ದಿನ ನಾಲ್ಕೂವರೆಯಿಂದ ಐದೂವರೆ. ಭಾನುವಾರ ಇಲ್ಲ, ಮಳೆ ಬಂದ ದಿನ ಇಲ್ಲ.

ಆ ಜಾಗದ ಕೆಳಗೆ ರಬ್ಬರ್ ತೋಟ. ಟ್ಯಾಪಿಂಗಿನವನು ಹಣೆಗೆ ಲೈಟ್ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಾನೆ. ನಾಯಿಗಳ ಕಣ್ಣಿಗೆ ಕತ್ತಲೆಯಲ್ಲಿ ಒಂದು ಬೆಳಕು ಹಾರುತ್ತಾ ಹೋಗುತ್ತದೆ, ಸುಮ್ನೆ ಇರುತ್ತವಾ? ಮಳೆ ಬಂದರೆ ಟ್ಯಾಪಿಂಗ್ ಇಲ್ಲ, ಬೊಗಳುವುದೂ ಇಲ್ಲ. ನಾಯಿಗೂಡು ರಬ್ಬರ್ ತೋಟದ ಬದಿಗೇ ಇತ್ತು. ಅದನ್ನು ಮನೆಯ ಹಿಂದಕ್ಕೆ, ಬಾವಿಕಟ್ಟೆಯ ಆಚೆ ಮಾಡಿಸಿ, ತೋಟದ ಕಡೆಗೆ ಒಂದು ತಗಡಿನ ಶೀಟ್ ಹೊಡೆಸಿದೆವು. ಪೂರ್ತಿ ನಿಂತಿತು ಅನ್ನುವುದಿಲ್ಲ. ದೂರು ಕೊಟ್ಟವರು ಅರ್ಜಿ ವಾಪಸ್ ತೆಗೆದುಕೊಳ್ಳುವಷ್ಟು ಕಮ್ಮಿ ಆಯಿತು.

ನೀವೂ ಒಂದು ವಾರ ಬರೆದಿಡಿ. "ಯಾವಾಗಲೂ ಬೊಗಳುತ್ತವೆ" ಅಂದರೆ ಪಂಚಾಯತಿಗೆ ಏನೂ ಮಾಡಲು ಆಗುವುದಿಲ್ಲ. ಹೊತ್ತು ಗೊತ್ತಿದ್ದರೆ ಆಗುತ್ತದೆ.

ಪ್ರಶ್ನೆ (ಕುಂಬಳೆಯಿಂದ):
ಆರು ನಾಯಿಯನ್ನೂ ಹಗಲಿಡೀ ಚೈನಿನಲ್ಲಿ ಕಟ್ಟಿಹಾಕಿದರೆ ಸಮಸ್ಯೆ ಮುಗಿಯಿತಲ್ಲ?

ಉತ್ತರ:
ಸಮಸ್ಯೆ ಡಬಲ್ ಆಗುತ್ತದೆ. ಕಟ್ಟಿದ ನಾಯಿಯೇ ಜಾಸ್ತಿ ಬೊಗಳುವುದು. ಅದರ ಮೇಲೆ, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ತುಂಬ ಹೊತ್ತು ಕಟ್ಟಿಡುವುದು, ಕಟ್ಟಿಯೇ ಸಾಕಿದ ನಾಯಿಯನ್ನು ಓಡಾಡಿಸದೆ ಇರುವುದು, ಎರಡೂ 1960ರ ಕಾಯ್ದೆಯಲ್ಲಿ ಹಿಂಸೆಯ ಪಟ್ಟಿಯಲ್ಲೇ ಇವೆ. ಬೇಲಿ ಭದ್ರ ಮಾಡಿ ಒಳಗೆ ಬಿಡಿ. ರಾತ್ರಿ ಗೂಡಿಗೆ ಹಾಕಿ. ಮುಳಿಯಾರು, ಕಾರಡ್ಕ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಚಿರತೆ ನಾಯಿ ಹಿಡಿದ ಸುದ್ದಿ ಅವರಿಗೇ ಚೆನ್ನಾಗಿ ಗೊತ್ತು.

ರಸ್ತೆಗೆ ಬಿಟ್ಟರೆ ಮಾತ್ರ ಕಥೆ ಬೇರೆ. ಯಾರಿಗಾದರೂ ಅಪಾಯ ಆಗುವ ಹಾಗೆ ಸಾಕುಪ್ರಾಣಿಯ ವಿಷಯದಲ್ಲಿ ಅಜಾಗ್ರತೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ರ ಕೆಳಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಲೈಸೆನ್ಸ್ ತೋರಿಸಿ ಅದರಿಂದ ಬಚಾವಾಗಲು ಆಗುವುದಿಲ್ಲ.

ಪ್ರಶ್ನೆ (ಮಂಜೇಶ್ವರದ ಯುವಕರೊಬ್ಬರು):
ಅಣ್ಣ, ನನ್ನ ಹತ್ತಿರ ಎರಡು ಹೆಣ್ಣು ಜರ್ಮನ್ ಶೆಫರ್ಡ್ ಇದೆ. ಮರಿ ಮಾರಿದರೆ ಫೀಡಿನ ಖರ್ಚು ಹುಟ್ಟುತ್ತದೆ. ಪಂಚಾಯತ್ ಲೈಸೆನ್ಸ್ ಒಂದಿದ್ದರೆ ಸಾಕಲ್ಲ?

ಉತ್ತರ:
ಸಾಕಾಗುವುದಿಲ್ಲ ತಮ್ಮಾ. ಜಾತಿ ನಾಯಿ ಇಟ್ಟು ಮರಿ ಮಾಡಿಸಿ ಮಾರುವವರು 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಬ್ರೀಡರ್. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಹದಿನೆಂಟು ತಿಂಗಳು ಆಗದ ಹೆಣ್ಣನ್ನು ಮರಿಗೆ ಬಿಡುವ ಹಾಗಿಲ್ಲ. ಮಾರುವ ಮರಿಗೆ ಮೈಕ್ರೋಚಿಪ್ ಬೇಕು. ಲೆಕ್ಕದ ಪುಸ್ತಕ ಬೇಕು. ಫೀಡಿನ ಖರ್ಚು ಹುಟ್ಟಿಸಲು ಹೊರಟು ಇಷ್ಟೆಲ್ಲ ಮಾಡುವ ಬದಲು ಮರಿ ಆಗದ ಹಾಗೆ ಆಪರೇಷನ್ ಮಾಡಿಸುವುದು ಸಸಾರ ಅಂತ ನನ್ನ ಅಭಿಪ್ರಾಯ. ಸಿಟ್ಟು ಮಾಡಬೇಡಿ.

ಪ್ರಶ್ನೆ (ಕಾಸರಗೋಡು ಪೇಟೆಯಿಂದ):
ನಾನು ಸಾಕುವುದಿಲ್ಲ, ಗೇಟಿನ ಹೊರಗೆ ನಾಲ್ಕು ಬೀದಿನಾಯಿಗೆ ಅನ್ನ ಹಾಕುತ್ತೇನೆ. ನನಗೂ ಲೈಸೆನ್ಸ್ ಬೇಕಾ? ಒಬ್ಬರು ವಿಷ ಹಾಕುತ್ತೇನೆ ಅಂತ ಹೆದರಿಸುತ್ತಿದ್ದಾರೆ.

ಉತ್ತರ:
ಅನ್ನ ಹಾಕಿದ ಮಾತ್ರಕ್ಕೆ ಲೈಸೆನ್ಸ್ ಬೇಡ. ಆದರೆ ಗೇಟಿನ ಹೊರಗೆ ರಸ್ತೆಯಲ್ಲಿ ಹಾಕುವುದನ್ನು ನಿಲ್ಲಿಸಿ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿಯಲ್ಲಿ ಹಾಕುವ ಹಾಗಿಲ್ಲ, ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗದಲ್ಲೇ ಹಾಕಬೇಕು ಅಂದಿದೆ. ಮುನ್ಸಿಪಾಲಿಟಿಗೆ ಬರೆದು ಜಾಗ ಗುರುತಿಸಲು ಕೇಳಿ. ಅವನ್ನು ಕಂಪೌಂಡಿನ ಒಳಗೆ ತಂದು ಸಾಕಿದಿರೋ, ಆಗ ನಿಮ್ಮ ನಾಯಿ, ಲೈಸೆನ್ಸೂ ನಿಮ್ಮದೇ.

ವಿಷದ ಮಾತು ಹೇಳಿದವರಿಗೆ ನ್ಯಾಯ ಸಂಹಿತೆಯ 325 ಗೊತ್ತಾಗಲಿ. ಪ್ರಾಣಿಯನ್ನು ಕೊಂದರೆ ಐದು ವರ್ಷದವರೆಗೆ ಜೈಲು ಇದೆ. ಬೀದಿನಾಯಿ ಆದರೂ ಅಷ್ಟೇ. ಹೆದರಿಸಿದ ದಿನ, ಹೊತ್ತು ಬರೆದು ಸ್ಟೇಷನ್ನಿಗೆ ಒಂದು ದೂರು ಕೊಟ್ಟಿಡಿ.

ಪ್ರಶ್ನೆ (ಬದಿಯಡ್ಕದ ಕೃಷಿಕರು, ಹತ್ತು ದಿನದ ನಂತರ):
ಸರ್, ನಾಲ್ಕು ನಾಯಿಗೆ ಇಂಜೆಕ್ಷನ್ ಆಯಿತು, ಅರ್ಜಿಯೂ ಹಾಕಿದೆ. ರಶೀದಿ ಇದೆ. ಪಕ್ಕದ ಮನೆಗೂ ಹೋಗಿ ಬಂದೆ. ಅವರಿಗೆ ಬೊಗಳುವುದು ದೊಡ್ಡ ವಿಷಯವೇ ಅಲ್ಲವಂತೆ. ನಮ್ಮ ಕರಿಯ ಅವರ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ದಿನಾ ಹೊರಳಾಡುತ್ತಾನಂತೆ. ಅದನ್ನು ದೂರಿನಲ್ಲಿ ಬರೆಯಲು ನಾಚಿಕೆ ಆಯಿತಂತೆ. ಇಂಜೆಕ್ಷನ್ನಿಗೆ ಕೈಗೆ ಸಿಗದವನೂ ಅವನೇ.

ಉತ್ತರ:
ಸಂಜೆ ಅನ್ನ ಹಾಕುವಾಗ ಗೂಡಿನ ಒಳಗೆ ಹಾಕಿ, ಬಾಗಿಲು ಹಾಕಿಕೊಳ್ಳಿ. ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ. ಅಡಿಕೆ ಅಂಗಳದಲ್ಲಿ ಇರುವಷ್ಟು ದಿನ ಕರಿಯ ನುಗ್ಗುವ ಬೇಲಿಯ ಕಂಡಿಗೆ ಒಂದು ಬಲೆ ಕಟ್ಟಿಬಿಡಿ.