ವರ್ಷದಲ್ಲಿ ಕೆಲವು ತಿಂಗಳು ಥಾಯ್ಲೆಂಡ್: ಸಿಎ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಿವೃತ್ತಿಯ ನಂತರ ವರ್ಷದಲ್ಲಿ ಒಂದಷ್ಟು ತಿಂಗಳು ಥಾಯ್ಲೆಂಡ್, ಉಳಿದದ್ದು ಊರು ಅನ್ನುವವರಿಗೆ ಈ ಸರಣಿ. ಉತ್ತರಿಸುವವರು ವಿದೇಶಿ ವಿನಿಮಯ ಮತ್ತು ಅನಿವಾಸಿ ತೆರಿಗೆ ನೋಡಿಕೊಳ್ಳುವ ಸಿಎ ಮೇಡಂ. ವಯಸ್ಸು, ಎಷ್ಟು ತಿಂಗಳು, ದುಡ್ಡು ಎಲ್ಲಿಂದ ಬರುತ್ತದೆ, ಇಷ್ಟನ್ನು ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಕೆ.ಎಸ್., ಮೈಸೂರು: ನಮಸ್ಕಾರ ಮೇಡಂ. ನನಗೆ 61, ಮನೆಯವರಿಗೆ 57. ಪ್ರತಿ ವರ್ಷ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಚಿಯಾಂಗ್ ಮಾಯ್‌ನಲ್ಲಿ ಇರುವ ಯೋಚನೆ. ಯಾವ ವೀಸಾ ಸೂಕ್ತ?

ಸಿಎ ಮೇಡಂ: ನಮಸ್ಕಾರ ಸರ್. ವೀಸಾಕ್ಕಿಂತ ಮೊದಲು ನಿಮ್ಮ ತಾರೀಖುಗಳನ್ನು ನೋಡೋಣ. ಥಾಯ್ಲೆಂಡಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಅದರಲ್ಲಿ 180 ದಿನ ಅಥವಾ ಹೆಚ್ಚು ಅಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. ನಿಮ್ಮ ಯೋಜನೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ 90, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 92, ಒಟ್ಟು 182. ಇತ್ತ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ 183 ದಿನ ಇರುತ್ತೀರಿ. ಇಲ್ಲಿನ ಮಿತಿ 182, ಹಾಗಾಗಿ ಇಲ್ಲಿಯೂ ನಿವಾಸಿ. ಎರಡು ದೇಶಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. 2024ರ ಜನವರಿ 1ರಿಂದೀಚೆಗೆ ಗಳಿಸಿದ ವಿದೇಶಿ ಆದಾಯವನ್ನು ಅಲ್ಲಿನ ತೆರಿಗೆ ನಿವಾಸಿಯಾಗಿ ಥಾಯ್ಲೆಂಡಿಗೆ ತಂದರೆ ಅದು ತೆರಿಗೆಗೆ ಒಳಪಡುತ್ತದೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವಿದೆ. ಆದರೆ ಒಪ್ಪಂದದ ಲಾಭ ಪಡೆಯಲು ಕಾಗದ ಪತ್ರ ಹಿಡಿದು ಓಡಾಡುವ ಬದಲು ನವೆಂಬರ್ 1ಕ್ಕೆ ಹೊರಡಿ. ಆಗ ಅಲ್ಲಿ 151 ದಿನ, ತಲೆನೋವೇ ಇಲ್ಲ.

ಇನ್ನೊಂದು ವಿಷಯ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡಿನಲ್ಲಿ ಹೊಲಗದ್ದೆ, ಕಾಡು ಸುಡುವ ಹೊಗೆ ಕವಿದಿರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಉಬ್ಬಸವಿದ್ದರೂ ಚಿಯಾಂಗ್ ಮಾಯ್ ಜನವರಿಗೇ ಮುಗಿಸಿ. ಮೂರು ತಿಂಗಳೇ ಸಾಕು ಅನ್ನಿಸಿದರೆ 60 ದಿನದ ಟೂರಿಸ್ಟ್ ವೀಸಾ ತೆಗೆದುಕೊಂಡು, ಅಲ್ಲಿನ ಇಮಿಗ್ರೇಷನ್‌ನಲ್ಲಿ 1,900 ಬಾತ್ ಕಟ್ಟಿ 30 ದಿನ ವಿಸ್ತರಿಸಿಕೊಳ್ಳಿ. ಅಲ್ಲಿನ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಕೂಡಿಡುವ ಅಗತ್ಯವೇ ಬೀಳುವುದಿಲ್ಲ.

ಐದು ತಿಂಗಳು ಬೇಕೇ ಬೇಕು ಅಂದರೆ ನಾನ್-ಇಮಿಗ್ರಂಟ್ ಓ ಎಂಬ ವೀಸಾ, 90 ದಿನದ್ದು. ಅದರ ಕೊನೆಯ 30 ದಿನಗಳಲ್ಲಿ ನಿವೃತ್ತಿ ಆಧಾರದ ಒಂದು ವರ್ಷದ ವಿಸ್ತರಣೆಗೆ ಅರ್ಜಿ. ವಯಸ್ಸು 50 ದಾಟಿರಬೇಕು. ನಿಮ್ಮೊಬ್ಬರ ಹೆಸರಿನ ಥಾಯ್ ಖಾತೆಯಲ್ಲಿ 8 ಲಕ್ಷ ಬಾತ್, ಇಲ್ಲವೇ ಹೊರದೇಶದಿಂದ ಬರುವ ತಿಂಗಳ ಆದಾಯ 65,000 ಬಾತ್ ಇರಬೇಕು. ಮನೆಯವರು ನಿಮ್ಮ ಅವಲಂಬಿತರಾಗಿ ಬರಬಹುದು, ಅವರಿಗೆ ಬೇರೆ 8 ಲಕ್ಷ ಬೇಡ. ಲಗ್ನಪತ್ರಿಕೆ, ಫೋಟೋ ನಡೆಯುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕೊಟ್ಟ ವಿವಾಹ ನೋಂದಣಿ ಪತ್ರ ಬೇಕು, ದೃಢೀಕರಣ ಸಹಿತ. ನಿಮ್ಮ ಕಾಲದವರು ಬಹಳಷ್ಟು ಜನ ಮದುವೆ ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಇವತ್ತೇ ನೋಡಿಕೊಳ್ಳಿ.

ಎಂ.ಎನ್., ತುಮಕೂರು: ವೀಸಾ ಇಲ್ಲದೆ ಎಷ್ಟು ದಿನ ಇರಬಹುದು ಮೇಡಂ?

ಸಿಎ ಮೇಡಂ: ಅದು ಪ್ರವಾಸಕ್ಕೆ. 2023ರ ನವೆಂಬರ್‌ನಲ್ಲಿ 30 ದಿನ ಕೊಟ್ಟರು, 2024ರ ಜುಲೈನಲ್ಲಿ 60 ಮಾಡಿದರು. ಬದಲಾಗುತ್ತಲೇ ಇರುವ ನಿಯಮ. ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ.

ಎಚ್.ಜಿ., ಶಿವಮೊಗ್ಗ: 8 ಲಕ್ಷ ಬಾತ್ ಕಳಿಸುವುದು ಹೇಗೆ? ಬ್ಯಾಂಕಿನವರು 20% ಹಿಡಿದುಕೊಳ್ಳುತ್ತೇವೆ ಅನ್ನುತ್ತಿದ್ದಾರೆ.

ಸಿಎ ಮೇಡಂ: ಲೆಕ್ಕಕ್ಕೆ ಬಾತ್‌ಗೆ 2.75 ರೂಪಾಯಿ ಇಟ್ಟುಕೊಳ್ಳಿ, 22 ಲಕ್ಷ ಆಗುತ್ತದೆ. ಎಲ್‌ಆರ್‌ಎಸ್‌ನಲ್ಲಿ (ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಹಾಗಾಗಿ ಮಿತಿಯ ತೊಂದರೆ ಇಲ್ಲ. ಆದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ಟಿಸಿಎಸ್, ಅಂದರೆ ಬ್ಯಾಂಕು ಮುಂಚಿತವಾಗಿ ಹಿಡಿಯುವ ತೆರಿಗೆ. 22ರಲ್ಲಿ 10 ಕಳೆದರೆ 12 ಲಕ್ಷ, ಅದಕ್ಕೆ 2.40 ಲಕ್ಷ ಹಿಡಿಯುತ್ತಾರೆ. ಈ ದುಡ್ಡು ಹೋಗಿಬಿಡುವುದಿಲ್ಲ. ಆದಾಯ ತೆರಿಗೆ ಇಲಾಖೆಯ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣಿಸುತ್ತದೆ, ರಿಟರ್ನ್ಸ್‌ನಲ್ಲಿ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ, ಅಷ್ಟೆ.

ಇದನ್ನು ತಗ್ಗಿಸಲು ಕಾನೂನುಬದ್ಧ ದಾರಿ ಇದೆ: ಎರಡು ಹಣಕಾಸು ವರ್ಷಕ್ಕೆ ಹಂಚುವುದು. ಮಾರ್ಚ್ 10ರ ಹೊತ್ತಿಗೆ ಅಲ್ಲಿಗೆ ಹೋಗಿ ಖಾತೆ ತೆರೆದು, ಮಾರ್ಚ್ 31ರೊಳಗೆ 10 ಲಕ್ಷ, ಏಪ್ರಿಲ್ ಮೊದಲ ದಿನಗಳಲ್ಲಿ 12 ಲಕ್ಷ ಕಳಿಸಿದರೆ ಟಿಸಿಎಸ್ ಬರೀ 40,000. ದಿನಗಳು ಬಿಗಿ ಇರುತ್ತವೆ ಎಂಬುದು ನೆನಪಿರಲಿ. ವಿಸ್ತರಣೆ ಅರ್ಜಿಗೆ ಮುಂಚೆ ಪೂರ್ತಿ 8 ಲಕ್ಷ ಎರಡು ತಿಂಗಳು ಖಾತೆಯಲ್ಲಿ ಕೂತಿರಬೇಕು. ಕೈಯಲ್ಲಿರುವುದು 90 ದಿನ. ಅಂದರೆ ಇಳಿದ ಸುಮಾರು 25 ದಿನದೊಳಗೆ ಕೊನೆಯ ಕಂತು ಬಂದು ಸೇರಬೇಕು. ವಿನಿಮಯ ದರ ಅಲುಗಾಡಿ 7,96,000 ಬಾತ್ ಬಂದರೆ ಅರ್ಜಿ ತಿರಸ್ಕೃತ, ಆದ್ದರಿಂದ 8.20 ಲಕ್ಷಕ್ಕೆ ಲೆಕ್ಕ ಹಾಕಿ ಕಳಿಸಿ. ವಿಸ್ತರಣೆ ಸಿಕ್ಕ ಮೇಲೆ ಮೂರು ತಿಂಗಳು ಆ 8 ಲಕ್ಷ ಮುಟ್ಟುವ ಹಾಗಿಲ್ಲ, ಆಮೇಲೆ ವರ್ಷಪೂರ್ತಿ 4 ಲಕ್ಷಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಅರ್ಜಿ ದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ನಲ್ಲಿ ಅಂದಿನ ತಾರೀಖಿನ ಒಂದು ವ್ಯವಹಾರ ಮೂಡಿಸಿ, ಬ್ಯಾಂಕಿನ ಪತ್ರವನ್ನೂ ಅದೇ ದಿನದ್ದು ತನ್ನಿ.

ಇಲ್ಲಿನ ರಿಟರ್ನ್ಸ್‌ನಲ್ಲಿ ಐಟಿಆರ್-1 ಮರೆತುಬಿಡಿ. ವಿದೇಶಿ ಖಾತೆ ಇರುವ ನಿವಾಸಿ ಐಟಿಆರ್-2ರಲ್ಲಿ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ಪಟ್ಟಿ) ತುಂಬಬೇಕು, ಅದೂ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರ್‌ನಿಂದ ದಂಡದ ವಿನಾಯಿತಿ ಇದೆ. ನಿಮ್ಮದು 22 ಲಕ್ಷ. ಆ ವಿನಾಯಿತಿ ನಿಮಗಿಲ್ಲ.

ಆರ್.ಬಿ., ಬೆಂಗಳೂರು: ಇಷ್ಟೆಲ್ಲ ಯಾಕೆ? ಇನ್ನೊಂದು ಗುಂಪಿನಲ್ಲಿ ಬಂದದ್ದು ಹಾಕುತ್ತಿದ್ದೇನೆ: "ಏಜೆಂಟ್ ತನ್ನ 8 ಲಕ್ಷ ಬಾತ್ ನಿಮ್ಮ ಖಾತೆಗೆ ಹಾಕಿ ವೀಸಾ ಮಾಡಿಸಿಕೊಡುತ್ತಾನೆ, ಶುಲ್ಕ ಮಾತ್ರ ಕೊಟ್ಟರೆ ಸಾಕು, ಎಲ್ಲರಿಗೂ ಹಂಚಿ."

ಸಿಎ ಮೇಡಂ: ಹಂಚಬೇಡಿ. ಎರಡು ತಿಂಗಳು ಕೂತಿರಬೇಕಾದ ಹಣ ಒಂದು ದಿನ ಬಂದು ಮರುದಿನ ಹೋಗಿದ್ದರೆ ಪಾಸ್‌ಬುಕ್ಕೇ ನಿಮ್ಮ ವಿರುದ್ಧ ಸಾಕ್ಷಿ. ಎಟಿಎಂ ಕಾರ್ಡು, ಬ್ಯಾಂಕ್ ಆ್ಯಪ್ ಏಜೆಂಟನ ಕೈಯಲ್ಲಿದ್ದ ದಿನ ಖಾತೆಯಲ್ಲಿ ಏನು ಹಾದುಹೋಯಿತು ಅನ್ನುವುದಕ್ಕೂ ನೀವೇ ಹೊಣೆ. ಬೇರೆಯವರ ವಂಚನೆಯ ಹಣಕ್ಕೆ ಖಾತೆ ಬಿಟ್ಟುಕೊಟ್ಟವರಿಗೆ ಅಲ್ಲಿ ಜೈಲು ಶಿಕ್ಷೆ ಇದೆ.

ಆರ್.ಬಿ., ಬೆಂಗಳೂರು: ನಮ್ಮ ಸ್ನೇಹಿತರು ವರ್ಷಗಳಿಂದ ಹೀಗೇ ಮಾಡುತ್ತಿದ್ದಾರೆ. ಏನೂ ಆಗಿಲ್ಲ.

ವಿ.ಪಿ., ಉಡುಪಿ: ಸ್ವಾಮಿ, ಸಿಕ್ಕಿಬಿದ್ದವರು ಗುಂಪಿಗೆ ಬಂದು ಹೇಳುತ್ತಾರೆಯೇ? 8 ಲಕ್ಷ ಇಲ್ಲದವರು ಅಲ್ಲಿ ಆಸ್ಪತ್ರೆಗೆ ಸೇರಿದರೆ ಬಿಲ್ ಏಜೆಂಟ್ ಕಟ್ಟುತ್ತಾನೆಯೇ?

ಆರ್.ಬಿ., ಬೆಂಗಳೂರು: ಎಲ್ಲರ ಹತ್ತಿರ ನಿಮ್ಮಷ್ಟು ದುಡ್ಡು ಇರೋದಿಲ್ಲ ರೀ.

ವಿ.ಪಿ., ಉಡುಪಿ: ದುಡ್ಡಿಲ್ಲ ಅಂದರೆ ಮೂರು ತಿಂಗಳು ಟೂರಿಸ್ಟ್ ವೀಸಾದಲ್ಲಿ ಹೋಗಿ ಬನ್ನಿ. ಮೇಡಂ ಮೇಲೆ ಬರೆದಿದ್ದಾರಲ್ಲ.

ಟಿ.ಕೆ., ಮಂಗಳೂರು (ಈಗ ದುಬೈ): ಮೇಡಂ, 54 ವರ್ಷ, ಅನಿವಾಸಿ. ನನಗೂ ಟಿಸಿಎಸ್ ಬರುತ್ತದೆಯೇ?

ಸಿಎ ಮೇಡಂ: ದುಬೈ ಖಾತೆಯಿಂದ ನೇರ ಕಳಿಸಿ, ಎಲ್‌ಆರ್‌ಎಸ್ ನಿಮಗೆ ಅನ್ವಯಿಸುವುದಿಲ್ಲ. 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ. 2024ಕ್ಕಿಂತ ಹಿಂದಿನ ಗಳಿಕೆ ಎಂದು ತೋರಿಸಲು ಅದೇ ಆಧಾರ, ಅದಕ್ಕೆ ಅಲ್ಲಿ ತೆರಿಗೆ ಇಲ್ಲ.

ಎಲ್.ಎಸ್., ಹಾಸನ: ಅಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆಯೇ? ದೇವಸ್ಥಾನ ಇದೆಯೇ?

ಜಿ.ಆರ್., ಬಳ್ಳಾರಿ: ವಿಸ್ತರಣೆ ಸಿಕ್ಕಿದ ಮೇಲೆ ಊರಿಗೆ ಬಂದು ಹೋಗಬಹುದಲ್ಲವೇ ಮೇಡಂ?

ಸಿಎ ಮೇಡಂ: ರೀ-ಎಂಟ್ರಿ ಪರ್ಮಿಟ್ ಇಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ರದ್ದು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಓಡಾಡಲು 3,800. ಅರ್ಧ ವರ್ಷದವರು ಎಡವುವುದು ಇಲ್ಲಿಯೇ. ಸತತ 90 ದಿನ ಅಲ್ಲಿದ್ದರೆ ವಿಳಾಸ ತಿಳಿಸುವ ಟಿಎಂ47 ವರದಿ ಕೊಡಬೇಕು, ಹೊರಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ. ಮನೆಯಲ್ಲಿ ವಿದೇಶಿಯರು ಇದ್ದಾರೆ ಎಂದು ತಿಳಿಸುವ ಟಿಎಂ30 ನಮೂನೆಯನ್ನು ಮನೆ ಮಾಲೀಕರು 24 ಗಂಟೆಯೊಳಗೆ ತುಂಬಬೇಕು. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿ, ಆ ಚೀಟಿ ಇಲ್ಲದಿದ್ದರೆ ವಿಸ್ತರಣೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಎಂ.ಎನ್., ತುಮಕೂರು: 60 ದಿನಕ್ಕೊಮ್ಮೆ ಗಡಿ ದಾಟಿ ಬಂದರೆ ವೀಸಾನೇ ಬೇಡವಂತೆ ಹೌದೇ?

ಸಿಎ ಮೇಡಂ: ಇಲ್ಲ. ಭೂಗಡಿಯಿಂದ ವೀಸಾ ಇಲ್ಲದೆ ಒಳಬರಲು ಕ್ಯಾಲೆಂಡರ್ ವರ್ಷಕ್ಕೆ ಎರಡೇ ಸಲ.

ಪಿ.ಎಂ., ದಾವಣಗೆರೆ: ಮೇಡಂ, ಇದು ನಮ್ಮ ತಂದೆಯವರ ವಿಚಾರ. ವಯಸ್ಸು 66, ತಾಯಿ ತೀರಿಕೊಂಡಿದ್ದಾರೆ. ಉಡೊನ್ ಥಾನಿ ಕಡೆಯ 45 ವರ್ಷದ ಒಬ್ಬ ಹೆಣ್ಣುಮಗಳ ಪರಿಚಯವಾಗಿದೆ, ಮದುವೆಯ ಮಾತೂ ನಡೆದಿದೆ. ಇಲ್ಲಿನ ಸೈಟು ಮಾರಿ ಬರುವ 60 ಲಕ್ಷದಲ್ಲಿ ಅಲ್ಲಿ ಅವರ ಹೆಸರಿಗೆ ಜಾಗ ತೆಗೆದುಕೊಂಡು ಮನೆ ಕಟ್ಟಬೇಕು ಅಂತಾರ. ಒಬ್ಬ ಏಜೆಂಟ್ ಕಂಪನಿ ಮಾಡಿ ಅದರ ಹೆಸರಲ್ಲಿ ಜಾಗ ತಗೊಳ್ಳಿ ಅಂತಾನ. ಯಾವುದು ಸೇಫ್?

ಸಿಎ ಮೇಡಂ: ಈ ಪ್ರಶ್ನೆಗೆ ಪೂರ್ತಿಯಾಗಿ ಬರೆಯುತ್ತೇನೆ, ತಂದೆಯವರಿಗೂ ಓದಿಸಿ. ಅವರಿಗೆ ಸಂಗಾತಿ ಬೇಕೆನಿಸಿದರೆ ಅದು ಅವರ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ನನಗೆ ದಿಗಿಲಾಗಿರುವುದು ಜಾಗದ ಬಗ್ಗೆ.

ಕಂಪನಿ ದಾರಿ ಬೇಡವೇ ಬೇಡ. ಥಾಯ್ ಹೆಸರುಗಳನ್ನು ಮುಂದಿಟ್ಟು ವಿದೇಶಿಯರು ಹಿಂದೆ ನಿಲ್ಲುವ ಬೇನಾಮಿ ಕಂಪನಿಗೆ ಮೂರು ವರ್ಷದವರೆಗೆ ಜೈಲು, 1 ಲಕ್ಷದಿಂದ 10 ಲಕ್ಷ ಬಾತ್ ದಂಡ. ಷೇರುದಾರರೆಂದು ಹೆಸರು ಕೊಟ್ಟವರಿಗೂ ಅದೇ.

ಹೆಂಡತಿಯ ಹೆಸರಿಗೆ ಜಾಗ ಕೊಳ್ಳಬಹುದು. ಆದರೆ ನೋಂದಣಿ ದಿನ ಭೂ ಕಚೇರಿಯಲ್ಲಿ ವಿದೇಶಿ ಗಂಡ ಒಂದು ಕಾಗದಕ್ಕೆ ಸಹಿ ಹಾಕಬೇಕು: ಈ ಹಣ ಪೂರ್ತಿ ಹೆಂಡತಿಯ ಸ್ವಂತದ್ದು, ನನ್ನ ಪಾಲಿಲ್ಲ ಎಂದು. ಸಹಿ ಹಾಕಿದ ಮೇಲೆ 60 ಲಕ್ಷ ಕೊಟ್ಟವರು ತಂದೆಯವರೇ ಆದರೂ ಜಾಗದ ಮೇಲೆ ಹಕ್ಕಿಲ್ಲ. ವಿಚ್ಛೇದನವಾದರೂ ಅಷ್ಟೆ. ಆಕೆ ಮೊದಲು ತೀರಿಕೊಂಡರೆ ವಾರಸುದಾರರಾಗಿ ಪಾಲು ಬಂದರೂ ತಂದೆಯವರು ಜಾಗವನ್ನು ಇಟ್ಟುಕೊಳ್ಳುವ ಹಾಗಿಲ್ಲ, ಮಾರಬೇಕಾಗುತ್ತದೆ, ಎದುರಿಗೆ ಆಕೆಯ ಬಂಧುಗಳೂ ಬಂದು ನಿಂತಿರಬಹುದು. ಕೇಡು ಬಯಸುವವರು ಯಾರೂ ಬೇಕಿಲ್ಲ, ಒಂದು ಸಾವು ಸಾಕು.

ತಂದೆಯವರ ಹೆಸರಿಗೆ ಸಾಧ್ಯವಿರುವುದು ಮೂರು. ಒಂದು, 30 ವರ್ಷದವರೆಗಿನ ಗುತ್ತಿಗೆ. ಮೂರು ವರ್ಷ ಮೀರಿದ ಗುತ್ತಿಗೆ ಭೂ ಕಚೇರಿಯಲ್ಲಿ ನೋಂದಣಿ ಆಗದಿದ್ದರೆ ಮೂರೇ ವರ್ಷಕ್ಕೆ ಊರ್ಜಿತ. ಎರಡು, ಬದುಕಿರುವವರೆಗೆ ಅನುಭೋಗದ ಹಕ್ಕು, ಅಂದರೆ ಜಾಗದಲ್ಲಿದ್ದು ಬಳಸಿಕೊಳ್ಳುವ ಹಕ್ಕು. ಅದು ಹಕ್ಕುಪತ್ರದ ಹಿಂಬದಿಯಲ್ಲಿ ದಾಖಲಾಗುತ್ತದೆ, ತಂದೆಯವರ ಕಾಲಕ್ಕೆ ಮುಗಿಯುತ್ತದೆ, ಮಕ್ಕಳಿಗೆ ಬರುವುದಿಲ್ಲ. ಮೂರು, ಜಾಗ ಆಕೆಯದು, ಮೇಲಿನ ಕಟ್ಟಡ ತಂದೆಯವರದು ಎಂಬ ನೋಂದಣಿ. ಇದಕ್ಕೆ ಕಟ್ಟಡ ಪರವಾನಗಿ ತಂದೆಯವರ ಹೆಸರಲ್ಲೇ ಇರಬೇಕು, ಕಂಟ್ರಾಕ್ಟರ್ ರಸೀದಿಯೂ ಅವರ ಹೆಸರಲ್ಲೇ ಇರಬೇಕು. ಇಲ್ಲಿ ಅನುಕ್ರಮ ಬಹಳ ಮುಖ್ಯ. ಗಂಡ-ಹೆಂಡತಿ ತಮ್ಮೊಳಗೆ ಮಾಡಿಕೊಂಡ ಕರಾರನ್ನು ಮದುವೆ ಇರುವಾಗ ಯಾವಾಗ ಬೇಕಾದರೂ, ಮುರಿದ ಒಂದು ವರ್ಷದೊಳಗೂ ಒಬ್ಬರೇ ರದ್ದು ಮಾಡಬಹುದು. ಆದ್ದರಿಂದ ಈ ನೋಂದಣಿಗಳೆಲ್ಲ ಮದುವೆ ನೋಂದಣಿಗಿಂತ ಮೊದಲೇ ಮುಗಿಯಬೇಕು. ಮದುವೆ-ಪೂರ್ವ ಆಸ್ತಿ ಒಪ್ಪಂದವಾದರೆ ಮದುವೆ ನೋಂದಣಿಯ ಹೊತ್ತಿಗೇ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ದಾಖಲಾಗಬೇಕು. ಮರುದಿನ ಮಾಡಿಸಿದರೆ ಬೆಲೆಯಿಲ್ಲ.

ಹೆಣ್ಣಿನ ತಂದೆತಾಯಿಗೆ ವರ ಕೊಡುವ ಸಿನ್ ಸೊತ್ ಅಲ್ಲಿನ ಸಂಪ್ರದಾಯ. ಎಷ್ಟು, ಮದುವೆಯಾದ ಮೇಲೆ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಹಿರಿಯರ ಮುಂದೆ ಮೊದಲೇ ಮಾತಾಡಿಕೊಳ್ಳಿ.

ಇತ್ತ 60 ಲಕ್ಷ ಒಂದೇ ವರ್ಷದಲ್ಲಿ ಕಳಿಸಿದರೆ 10 ಲಕ್ಷ ಟಿಸಿಎಸ್, ಸೈಟಿನ ಮೇಲಿನ ಬಂಡವಾಳ ಲಾಭದ ತೆರಿಗೆ ಬೇರೆ. ಮದುವೆ ನೋಂದಣಿಯಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಆಕೆ ಮಕ್ಕಳ ಜೊತೆ ಮೊದಲ ದರ್ಜೆಯ ವಾರಸುದಾರರು. ಅದು ಅವರ ನ್ಯಾಯವಾದ ಪಾಲು, ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಉಯಿಲು ಎರಡು ಬರೆಸಿ, ಅಲ್ಲಿನ ಆಸ್ತಿಗೆ ಅಲ್ಲಿ, ಇಲ್ಲಿನದಕ್ಕೆ ಇಲ್ಲಿ. ಎರಡನೆಯದರಲ್ಲಿ "ಹಿಂದಿನ ಎಲ್ಲ ಉಯಿಲು ರದ್ದು" ಎಂಬ ಸಾಲು ನುಸುಳದ ಹಾಗೆ ನೋಡಿಕೊಳ್ಳಿ.

ನನ್ನ ಸಲಹೆ: ಸೈಟು ಮಾರಬೇಡಿ. ಒಂದು ವರ್ಷ ಉಡೊನ್‌ನಲ್ಲಿ ಬಾಡಿಗೆ ಮನೆ ಹಿಡಿಯಲಿ. ಸ್ವಂತದ್ದು ಬೇಕೇ ಬೇಕೆಂದರೆ ಕಾಂಡೊ, ಅಂದರೆ ಫ್ಲ್ಯಾಟು. ಕಟ್ಟಡದ 49% ವಿಸ್ತೀರ್ಣದವರೆಗೆ ವಿದೇಶಿಯರ ಹೆಸರಿಗೆ ಪೂರ್ಣ ಹಕ್ಕು ಸಿಗುತ್ತದೆ. ಹಣ ವಿದೇಶಿ ಕರೆನ್ಸಿಯಲ್ಲೇ ಹೋಗಿ ಅಲ್ಲಿ ಬಾತ್ ಆಗಬೇಕು, ಬ್ಯಾಂಕಿನಿಂದ ಅದರ ಪತ್ರ ಪಡೆಯಬೇಕು. ಇಲ್ಲಿಂದಲೇ ಬಾತ್ ಮಾಡಿ ಕಳಿಸಿದರೆ ನೋಂದಣಿ ಆಗುವುದಿಲ್ಲ.

ಎನ್.ವಿ., ಬೆಂಗಳೂರು: ಮಗನಿಗೆ ಅಪ್ಪನ ಚಿಂತೆಗಿಂತ ಸೈಟಿನ ಚಿಂತೆ ಜಾಸ್ತಿ ಅನ್ನಿಸುತ್ತಿದೆ.

ಪಿ.ಎಂ., ದಾವಣಗೆರೆ: ನಮ್ಮ ಮನೆ ವಿಷಯ ನಿಮಗೇನ್ ಗೊತ್ತು? ಅಪ್ಪನ ಪಿಂಚಣಿ ಬಿಟ್ರ ಅವರಿಗಿರೋದು ಆ ಸೈಟೊಂದ. ಅದೂ ಹೋದ್ರ ಕಾಯಿಲೆ ಬಿದ್ದಾಗ ಏನ್ ಮಾಡಬೇಕು?

ಸಿ.ಜಿ., ಧಾರವಾಡ: ಈ ವಯಸ್ಸಿನಾಗ ಮದುವಿ ಯಾಕ ಬೇಕ್ರೀ? ಮೊಮ್ಮಕ್ಕಳ ಜೋಡಿ ಇರಬೇಕಪ್ಪ.

ವಿ.ಪಿ., ಉಡುಪಿ: ಒಂಟಿಯಾಗಿ ಇದ್ದು ನೋಡಿ, ಆಮೇಲೆ ಹೇಳಿ.

ಆರ್.ಬಿ., ಬೆಂಗಳೂರು: ಹೆಂಡತಿ ಇಲ್ಲಿದ್ದು ಅಲ್ಲೊಂದು ಮದುವೆಯಾದರೆ ಇಲ್ಲಿನ ಕಾನೂನು ಅನ್ವಯಿಸುವುದಿಲ್ಲವಂತೆ, ಫಾರ್ವರ್ಡ್ ಬಂದಿತ್ತು.

ಸಿಎ ಮೇಡಂ: ಅನ್ವಯಿಸುತ್ತದೆ. ಭಾರತದಲ್ಲಿ ನೆಲೆಯಿರುವ ಹಿಂದೂಗೆ ಹಿಂದೂ ವಿವಾಹ ಕಾಯ್ದೆ ಹೊರದೇಶದಲ್ಲೂ ಲಾಗೂ. ಎರಡನೆಯ ಮದುವೆ ಅಸಿಂಧು, ನ್ಯಾಯ ಸಂಹಿತೆಯ 82ನೇ ಕಲಂನಲ್ಲಿ ಏಳು ವರ್ಷದವರೆಗೆ ಶಿಕ್ಷೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಿಮಗೆ ಉತ್ತರಿಸುವುದಿಲ್ಲ.

ಎಸ್.ಎಲ್., ಕಲಬುರಗಿ: 46 ವರ್ಷ, ವಿಆರ್‌ಎಸ್ ತಗೊಂಡೀನಿ. ನನಗ ಯಾವ ವೀಸಾ?

ಸಿಎ ಮೇಡಂ: ನಿವೃತ್ತಿ ವೀಸಾ 50ರ ಮೇಲೆ. ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ನೋಡಿ: 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು, ಒಂದು ಪ್ರವೇಶಕ್ಕೆ 180 ದಿನ. ದೂರದಿಂದ ಮಾಡುವ ಕೆಲಸ ಅಥವಾ ಅಡುಗೆ, ಮುಯೇ ಥಾಯ್‌ನಂಥ ಕಲಿಕೆಯ ದಾಖಲೆ ಬೇಕು.

ಬಿ.ಆರ್., ಮಂಡ್ಯ: ಇಲ್ಲಿನ ಆರೋಗ್ಯ ವಿಮೆ ಅಲ್ಲಿ ನಡೆಯುತ್ತದೆಯೇ? ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಹೇಗೆ ಕೊಡುವುದು?

ಎಂ.ಎನ್., ತುಮಕೂರು: ಮೇಡಂ ಕೊನೆಯದಾಗಿ, ವೀಸಾ ಮುಗಿದ ಮೇಲೆ ಸ್ವಲ್ಪ ದಿನ ಹೆಚ್ಚಿಗೆ ಇದ್ದರೆ?

ಸಿಎ ಮೇಡಂ: ದಿನಕ್ಕೆ 500 ಬಾತ್, ಗರಿಷ್ಠ 20,000. ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಒಂದು ದಿನವಾದರೂ ಐದು ವರ್ಷ ಪ್ರವೇಶ ನಿಷೇಧ. ನಿಮ್ಮ ಪ್ರಶ್ನೆಗಳು ಇಲ್ಲಿಗೆ ಸಾಕು.

ಪಿ.ಎಂ., ದಾವಣಗೆರೆ: ಮೇಡಂ, ಅಪ್ಪ ಈಗಾಗಲೇ 3 ಲಕ್ಷ ರೂಪಾಯಿ ಮುಂಗಡ ಕೊಟ್ಟಾರಂತ, ಇವತ್ತ ಹೇಳಿದ್ರು. ಜಾಗದ ಪತ್ರದ ಫೋಟೋ ಹಾಕೀನಿ. ಮೇಲೆ ನೀಲಿ ಬಣ್ಣದ ಗರುಡ ಐತಿ. ಇದು ಸರಿಯಾದ ಪತ್ರ ಹೌದಾ?

ಸಿಎ ಮೇಡಂ: ಫೋಟೋ ನೋಡಿದೆ. ಪೂರ್ಣ ಹಕ್ಕಿನ ಚನೋಟ್ ಪತ್ರದಲ್ಲಿ ಗರುಡ ಕೆಂಪು. ನೀಲಿ ಗರುಡ ಅಂದರೆ ಸೋರ್ ಪೋರ್ ಕೋರ್, ಭೂ ಸುಧಾರಣೆಯಲ್ಲಿ ರೈತರಿಗೆ ಉಳಲು ಕೊಟ್ಟ ಜಮೀನು. ಅದನ್ನು ಹೀಗೆ ಮಾರುವಂತಿಲ್ಲ, ನಿಮ್ಮ ತಂದೆಯವರ ಹೆಸರಿಗೆ ಗುತ್ತಿಗೆಯೂ ದಾಖಲಾಗುವುದಿಲ್ಲ. ಆಕೆಗೇ ಇದು ಗೊತ್ತಿಲ್ಲದಿರಬಹುದು, ಈಸಾನ್ (ಈಶಾನ್ಯ ಥಾಯ್ಲೆಂಡ್) ಕಡೆ ಇಂಥ ಜಮೀನು ಬಹಳ, ಆದ್ದರಿಂದ ಮೋಸ ಎಂದು ಜಗಳಕ್ಕೆ ಹೋಗಬೇಡಿ. ಎರಡನೆಯ ಕಂತು ಕಳಿಸಬೇಡಿ. ಮುಂಗಡ ಯಾರ ಖಾತೆಗೆ, ಯಾವ ತಾರೀಖು ಹೋಯಿತು, ರಸೀದಿ ಇದೆಯೇ ಎಂಬುದನ್ನು ಇವತ್ತೇ ಬರೆದಿಡಿ. ತಂದೆಯವರು ಆಕೆಯನ್ನೇ ಜೊತೆಗೆ ಕರೆದುಕೊಂಡು ಉಡೊನ್‌ನ ಭೂ ಕಚೇರಿಗೆ ಹೋಗಿ ಈ ಪತ್ರವನ್ನು ಅಧಿಕಾರಿಗೆ ತೋರಿಸಲಿ. ಅವರು ಹೇಳಿದ್ದನ್ನು ನನಗೆ ತಿಳಿಸಿ, ಮುಂಗಡ ವಾಪಸ್ ಕೇಳುವ ಪತ್ರವನ್ನು ಆಮೇಲೆ ಬರೆಯೋಣ.