14ನೇ ಅಧ್ಯಾಯಕ್ಕೆ ಬಂದ್ರೆ ನನ್ನ ಕೊಲೆಗಾರ ಸಪ್ಪೆ ಆಗ್ತಾನೆ, ಏನ್ ಮಾಡ್ಲಿ?

ಮಧುಗಿರಿ_ಮೋಡ: ತಲೆ ಕೆಟ್ಟೋಗಿದೆ. ಡಾರ್ಕ್ ಫ್ಯಾಂಟಸಿ ಬರೀತಿದೀನಿ. ನಮ್ಮ ಬೆಟ್ಟದ ಥರಾನೇ ಒಂದೇ ಬಂಡೆ ಮೇಲಿನ ಕೋಟೆ. ನಾಯಕ ಬೈರ, ತಲೆಗಿಷ್ಟು ಅಂತ ದುಡ್ಡು ಇಸ್ಕೊಂಡು ಕಡಿಯೋನು. 13 ಅಧ್ಯಾಯ ಸಲೀಸಾಗಿ ಬಂತು. 14ರಲ್ಲಿ ಒಂದು ಹುಡುಗಿ ನೀರು ಕೊಡ್ತಾಳೆ, ಇವನು ಕತ್ತಿ ಬಿಸಾಕಿ ಅಳ್ತಾನೆ. ಓದಿದ ಮೂವರೂ ‘ಸೀರಿಯಲ್ ಆಯ್ತು’ ಅಂದ್ರು. ನಾಲ್ಕು ಸಲ ತಿದ್ದಿದ್ದಾಯ್ತು.

ತಟ್ಟೆಇಡ್ಲಿ: ಫ್ಲ್ಯಾಶ್‌ಬ್ಯಾಕ್ ಇಲ್ಲ ಗುರು, ಅದೇ ರೋಗ. 3ನೇ ಅಧ್ಯಾಯದಲ್ಲಿ ತಂಗಿ ಸಾಯ್ಲಿ.

ಮಧುಗಿರಿ_ಮೋಡ: ಹಾಕಿ ನೋಡಿದೆ ಅಣ್ಣ. ಇನ್ನೂ ಕೆಟ್ಟೋಯ್ತು.

ತಟ್ಟೆಇಡ್ಲಿ: ಹಂಗಾದ್ರೆ ತಾಯಿ.

ಚಿಂತಾಮಣಿ_ಟೊಮೆಟೊ: ಮನೆಮಂದೀನೆಲ್ಲ ಮುಗಿಸ್ತೀರಾ? ಅಂಗುಲಿಮಾಲನ್ನ ನೆನೆಸ್ಕೊಳ್ಳಿ. ಬುದ್ಧ ಸಿಕ್ಕಿದ್ದಕ್ಕಿಂತ ಆಮೇಲಿನದ್ದು ನಂಗೆ ನಾಟಿದ್ದು. ಭಿಕ್ಷು ಆದ್ಮೇಲೆ ಶ್ರಾವಸ್ತಿಗೆ ಭಿಕ್ಷೆಗೆ ಹೋದ್ರೆ ಕಲ್ಲೇಟು. ತಲೆ ಒಡೆದು ರಕ್ತ, ಪಾತ್ರೆ ಚೂರು, ಮೈಮೇಲಿನ ಚೀವರ (ಭಿಕ್ಷುಗಳ ಬಟ್ಟೆ) ಹರಿದಿದೆ. ಬುದ್ಧ ‘ತಡ್ಕೋ’ ಅಂತಾನೆ, ಅಷ್ಟೇ. ನಿಮ್ಮ ಬೈರನಿಗೆ ಕಲ್ಲು ಹೊಡೆಯೋರು ಯಾರು?

ನುಡಿಗಾವಲು: ಮೊದಲು ‘ಡಾರ್ಕ್ ಫ್ಯಾಂಟಸಿ’ ಬಿಡಿ. ‘ಕರಾಳ ಕಲ್ಪನೆ’ ಅನ್ನಿ.

ಚಿಂತಾಮಣಿ_ಟೊಮೆಟೊ: ಕರಾಳ ಅಂದ್ರೆ ಎಮರ್ಜೆನ್ಸಿ ಲೇಖನ ಅನ್ಕೋತಾರೆ ಸರ್.

ಕೆಜಿಎಫ್_ಪಾಳಿ: ಕೋಟೆ ಯಾಕೆ, ಗಣಿ ಇಡಿ. ನಮ್ದು 2001ರಲ್ಲಿ ಮುಚ್ಚಿದ್ದು, 3 ಕಿಲೋಮೀಟರ್‌ಗಿಂತ ಆಳ. ಅದಿರ್ಲಿ, ಆ ಹುಡುಗಿ ಯಾರು?

ಮಧುಗಿರಿ_ಮೋಡ: ಮೊದಲ ಅಧ್ಯಾಯದಲ್ಲಿ ಅವನು ಕೊಂದ ಗಾಡಿಯವನ ಮಗಳು. ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕತೆ ಪೂರ್ತಿ ಅವನ ಬಾಯಲ್ಲೇ ಇದೆ.

ಕೆಜಿಎಫ್_ಪಾಳಿ: ಇದನ್ನ ಮೊದ್ಲೇ ಹೇಳೋಕೇನಾಗಿತ್ತು ಸಾಮಿ! ಅಶೋಕನ 13ನೇ ಬಂಡೆಶಾಸನ ನೋಡಿ. ಕಳಿಂಗದಲ್ಲಿ 1 ಲಕ್ಷ ಜನ ಸತ್ರು, 1.5 ಲಕ್ಷ ಜನರನ್ನ ಹಿಡಿದು ಸಾಗಿಸಿದ್ದಾಯ್ತು, ಮನಸ್ಸು ಬೇಯ್ತಿದೆ ಅಂತ ಕೆತ್ತಿಸ್ತಾನೆ. ಅದೇ ಬಂಡೆಲಿ ಕಾಡಿನ ಜನಕ್ಕೆ, ನೊಂದಿದ್ರೂ ತಾಕತ್ತು ಹೋಗಿಲ್ಲ ಅನ್ನೋ ಎಚ್ಚರಿಕೆ ಬೇರೆ. ಇಷ್ಟಾಗಿ ಕಳಿಂಗದಲ್ಲೇ ಇರೋ ಧೌಳಿ, ಜೌಗಡದ ಬಂಡೆಗಳಲ್ಲಿ ಆ 13ನೇದು ಇಲ್ವೇ ಇಲ್ಲ! ಬೈರನೂ ಅಂಥೋನೇ. ನಮ್ಮ ಹತ್ರ 13 ಅಧ್ಯಾಯ ಬಾಯಿ ಬಿಡ್ತಾನೆ, ಅವಳ ಮುಂದೆ ಬಿಡಲ್ಲ. ಅಳಿಸ್ಬೇಡಿ. ನೀರು ಕುಡೀಲಿ. ಚೊಂಬು ವಾಪಸ್ ಕೊಡುವಾಗ ಅವಳು ‘ದಾರೀಲಿ ನಮ್ಮಪ್ಪನ ಗಾಡಿ ಕಂಡ್ರಾ’ ಅಂತ ಕೇಳ್ಲಿ. ಕತ್ತಿ ಸೊಂಟದಲ್ಲೇ ಇರ್ಲಿ.

ಚಿಂತಾಮಣಿ_ಟೊಮೆಟೊ: ಅಬ್ಬಾ. ಏನಂತಾನೆ ಅವನು?

ತಟ್ಟೆಇಡ್ಲಿ: ಅಲ್ಲೇ ಫ್ಲ್ಯಾಶ್‌ಬ್ಯಾಕ್ ಹಾಕ್ಬಹುದು. ಅಂದಹಾಗೆ ಯಾವುದರಲ್ಲಿ ಟೈಪ್ ಮಾಡ್ತೀರ? ನಂದು ಮೆಕ್ಯಾನಿಕಲ್ ಕೀಬೋರ್ಡು, ಎರಡು ಮಾನಿಟರ್ರು.

ನುಡಿಗಾವಲು: ಕೀಲಿಮಣೆ.

ಮಧುಗಿರಿ_ಮೋಡ: 14 ಪೂರ್ತಿ ಅಳಿಸಿದೆ. ಚೊಂಬಿನ ತನಕ ಬಂದಿದೀನಿ, ಅವನ ಬಾಯಿಂದ ಮಾತೇ ಹೊರಡ್ತಿಲ್ಲ. ಇನ್ನೊಂದು, ಮೊದಲ ಆರು ಅಧ್ಯಾಯ ಹಳೇ ಫಾಂಟಲ್ಲಿವೆ, ಯೂನಿಕೋಡಿಗೆ ಹಾಕಿದ್ರೆ ಒತ್ತಕ್ಷರ ಎಲ್ಲ ಎಗರಿಹೋಗ್ತಿವೆ. ಯಾರಿಗಾದ್ರೂ ಗೊತ್ತಾ?